ಎರಡು ಬೋಳು ಗಾಡಿ

ನಮ್ಮ ಊರಿನ ಚರಿತ್ರೆ ಬರೆಯುವ ಧೈರ್ಯ ಯಾರಿಗಾದರೂ ಬಂದರೆ, ಅದರ ಮೊದಲ ಅಧ್ಯಾಯ ಒಂದು ಮಡ್‌ಗಾರ್ಡಿನಿಂದ ಶುರುವಾಗತಕ್ಕದ್ದು. ಪಾಳೆಯಗಾರರು ಬಂದು ಹೋದದ್ದು, ಪ್ಲೇಗು ಬಂದು ಹೋದದ್ದು, ಪುರಸಭೆಗೆ ಗಡಿಯಾರ ಬಂದು ನಿಂತುಹೋದದ್ದು, ಇವಕ್ಕೆಲ್ಲ ಅಡಿಟಿಪ್ಪಣಿ ಸಾಕು. ಹೊಲಿಗೆ ಅಂಗಡಿಯ ದಮಯಂತಮ್ಮ ತಮ್ಮ ಗಾಡಿಯ ಹಿಂದಿನ ಮಡ್‌ಗಾರ್ಡಿಗೆ ಅರಿಸಿನದ ಹಳದಿ ಹೊಡೆಸಿದ ಸಂಗತಿಯನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು. ಯಾಕೆಂದರೆ ಅದೇ ದಿನ, ಊರಿನ ಇನ್ನೊಂದು ಮೂಲೆಯಲ್ಲಿ, ಇನ್ನೊಬ್ಬ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ, ಅವರ ತಂಗಿ ಸುಲೋಚನಾ ತನ್ನ ಗಾಡಿಯ ಹಿಂದಿನ ಮಡ್‌ಗಾರ್ಡಿಗೆ ಅದೇ ಹಳದಿ ಹೊಡೆಸಿದ್ದಳು. ಅಕ್ಕ ತಂಗಿಯರಿಗೆ ಮಾತು ನಿಂತು ಬಹಳ ಕಾಲವಾಗಿತ್ತು.

ನಮ್ಮಲ್ಲಿ ಗಾಡಿ ಅಂದರೆ ಒಂದೇ ಜಾತಿ. ಮೋಟಾರು ಕೂರಿಸಿದ ಗಿಡ್ಡನೆಯ ದ್ವಿಚಕ್ರ. ಕೂತರೆ ಎರಡು ಪಾದಗಳೂ ಪೂರ್ತಿ ನೆಲಕ್ಕೆ ಊರುತ್ತವೆ. ಎತ್ತರದವರು ಓಡಿಸಿದರೆ ಮೊಣಕಾಲು ಹ್ಯಾಂಡಲಿನ ಮಟ್ಟಕ್ಕೆ ಬಂದು, ಮಿಡತೆ ಕೂತ ಹಾಗೆ ಕಾಣುತ್ತದೆ. ತರಕಾರಿಗೆ, ಶಾಲೆಗೆ, ಮದುವೆಗೆ, ಸಾವಿನ ಮನೆಗೆ, ಎಲ್ಲಕ್ಕೂ ಅದೇ. ಅಂಗಡಿಯಿಂದ ಬರುವಾಗ ಎಲ್ಲ ಗಾಡಿಗಳೂ ಒಂದೇ ಬೂದಿ ಬಣ್ಣ, ಒಂದೇ ಸೀಟು, ಒಂದೇ ದೀಪ. ಹಾಗೆ ಬಂದದ್ದನ್ನು ಹಾಗೇ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ನೋಟರಿ ವೆಂಕೋಬರಾಯರ ಗಾಡಿಗೆ ಮುಂದೊಂದು ಹಿಂದೊಂದು ಹಾರ್ನು. ಬ್ಯಾಂಡ್‌ಸೆಟ್ಟಿನ ಗುಲಾಬ್ ಸಾಬರ ಗಾಡಿಯ ಸೈಲೆನ್ಸರು ಕ್ಲಾರಿಯೊನೆಟ್ಟಿನ ಹಾಗೆ ಬಾಯಿ ಅರಳಿಸಿಕೊಂಡಿದೆ. ನನ್ನ ಗಾಡಿಯ ಟ್ಯಾಂಕಿನ ಮೇಲೆ ಪುಸ್ತಕ ಇಟ್ಟುಕೊಳ್ಳುವ ಮರದ ಪೀಠವಿದೆ. ಓಡಿಸುತ್ತ ಓದಲು ಆಗುವುದಿಲ್ಲ, ಆದರೂ ಇದೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಎಂಥ ಶೋಕಿಯ ಜನ ಅನ್ನುತ್ತಾರೆ. ಶೋಕಿ ಅಲ್ಲ, ಹೆದರಿಕೆ.

ಊರಿಗೂ ಆಚೆ ದಡಕ್ಕೂ ನಡುವೆ ಒಂದು ಸೇತುವೆ. ಉದ್ದಕ್ಕಿದೆ, ಅಗಲಕ್ಕಿಲ್ಲ. ಪೇಟೆ, ಆಸ್ಪತ್ರೆ, ಕೋರ್ಟು ಎಲ್ಲ ಆಚೆ, ಮನೆಗಳೆಲ್ಲ ಈಚೆ. ಒಂದೇ ಥರದ ಎರಡು ಗಾಡಿ ಒಟ್ಟಿಗೆ ಸೇತುವೆಯ ಮೇಲಿದ್ದರೆ ಒಂದೇ ಇಳಿಯುತ್ತದೆ. ಇಷ್ಟೇ. ಸೈಕಲ್ಲಿನ ಗೋಜಿಗೆ, ನಡೆಯುವವರ ಗೋಜಿಗೆ ಸೇತುವೆ ಹೋಗುವುದಿಲ್ಲ. ಕಟ್ಟಿದ್ದು, ನೇತುಹಾಕಿದ್ದು ಲೆಕ್ಕಕ್ಕಿಲ್ಲ, ಬೋಲ್ಟು ಹಾಕಿ ಬಿಗಿದದ್ದು ಮತ್ತು ಬಳಿದದ್ದು ಮಾತ್ರ ಲೆಕ್ಕಕ್ಕೆ. ಇದು ಗೊತ್ತಾದದ್ದು ಹಾರ್ಮೋನಿಯಂ ಕೃಷ್ಣೋಜಿ ಹ್ಯಾಂಡಲಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಧೈರ್ಯವಾಗಿ ಹತ್ತಿ, ಇಳಿಯದೇ ಹೋದ ದಿನ. ಆಮೇಲೆ ಕಾಳಿಂಗಪ್ಪ ಅನ್ನುವವರು ಎದುರಿಗೆ ತಮ್ಮಂಥದೇ ಗಾಡಿ ಕಂಡು, ಉಪಾಯ ಮಾಡಿ, ಗಾಡಿಯನ್ನು ಅಲ್ಲೇ ಬಿಟ್ಟು, ನಡೆದು ಹೋಗುತ್ತಿದ್ದ ಭಾವಮೈದುನನ ಜೊತೆ ತಾವೂ ನಡೆದರು. ಭಾವಮೈದುನ ನಾದಿನಿಯ ಮದುವೆಯ ವಿಷಯ ಹೇಳುತ್ತಿದ್ದ, ಇವರು ಹೂಂಗುಟ್ಟುತ್ತಿದ್ದರು. ಹೂಂ ಯಾವಾಗ ನಿಂತಿತು ಅನ್ನುವುದು ಅವನಿಗೆ ತಿಳಿಯಲಿಲ್ಲ. ಪಕ್ಕಕ್ಕೆ ತಿರುಗಿದರೆ ಬರೀ ಕಂಬಿ, ಕೆಳಗೆ ನೀರು. ಅವನು ಈಗಲೂ ಯಾರಾದರೂ ಮಾತಿನ ನಡುವೆ ಸುಮ್ಮನಾದರೆ ಬೆಚ್ಚಿ ಅವರ ತೋಳು ಹಿಡಿದುಕೊಳ್ಳುತ್ತಾನೆ.

ಹಾಗಾದರೆ ಎಲ್ಲರೂ ನಡೆದೇ ಹೋಗಬಹುದಲ್ಲ ಎಂದು ಕೇಳಬಹುದು. ಹೋಗಬಹುದು. ಆದರೆ ಗಾಡಿಯಿದ್ದವರು ನಡೆದುಹೋದರೆ ಊರು ಕೇಳುವುದು ಒಂದೇ ಪ್ರಶ್ನೆ: "ಏನು, ಯಾರೋ ಅಟ್ಟಿಸ್ಕೊಂಡು ಬಂದ್ರಂತೆ?" ಅಂದರೆ ಇನ್ನೊಬ್ಬರ ಗಾಡಿಗೆ ಸೋತು ನೆಲಕ್ಕಿಳಿದಿದ್ದೀರಿ ಅಂತ ಅರ್ಥ. ಈ ಮಾತು ಕೇಳುವುದಕ್ಕಿಂತ ಕಾಣೆಯಾಗುವುದು ಮೇಲು ಅನ್ನುವವರೇ ನಮ್ಮಲ್ಲಿ ಹೆಚ್ಚು.

ಅದಕ್ಕೇ ಸಾರುವ ಪದ್ಧತಿ ಬಂದದ್ದು. ಗಾಡಿಗೆ ಏನಾದರೂ ಸೇರಿಸುವ ಮೊದಲು ಸೇತುವೆಯ ಬಾಯಲ್ಲಿರುವ ಬೋರಲಿಂಗುವಿನ ಟೀ ಅಂಗಡಿ ಮುಂದೆ ನಿಂತು ಜೋರಾಗಿ ಹೇಳಬೇಕು. "ನಾಳೆಯಿಂದ ನಂದು ಕೆಂಪು ಸೀಟು, ಎಡಗಡೆ ಬುಟ್ಟಿ! ಯಾರದಾದ್ರೂ ಇದ್ರೆ ಈಗ್ಲೇ ಬಾಯ್ಬಿಡಿ!" ಇದ್ದವರು ಬಾಯಿ ಬಿಡುತ್ತಾರೆ, ಒಂದಷ್ಟು ಕಿತ್ತಾಟ, ಆಮೇಲೆ ಒಬ್ಬರು ಬುಟ್ಟಿಯನ್ನು ಬಲಗಡೆಗೆ ಒಪ್ಪಿಕೊಳ್ಳುತ್ತಾರೆ. ಟೀ ಅಂಗಡಿಯ ಪಕ್ಕದಲ್ಲೇ ನಾನು ನೋಡಿಕೊಳ್ಳುವ ವಾಚನಾಲಯ. ಮೌನವಾಗಿರಿ ಎಂಬ ಬೋರ್ಡಿನ ಕೆಳಗೆ ಕೂತು ನಾನು ಊರಿನ ಎಲ್ಲ ಕೂಗುಗಳನ್ನೂ ಕೇಳಿದ್ದೇನೆ.

ಅಕ್ಕ ತಂಗಿಯರ ಜಗಳ ತಾಯಿಯ ಗಾಡಿಯದು. ಆಕೆ ತೀರಿಕೊಂಡ ಮೇಲೆ ಗಾಡಿಯನ್ನು ಇಬ್ಬರಲ್ಲಿ ಯಾರೂ ಬಿಟ್ಟುಕೊಡಲಿಲ್ಲ. ಕೊನೆಗೆ ಬಂಧುಗಳು ಕೂತು ಅದನ್ನು ಬಿಚ್ಚಿಸಿ ಪಾಲು ಮಾಡಿದರು. ಒಂದು ಚಕ್ರ ಇವರಿಗೆ, ಒಂದು ಚಕ್ರ ಅವಳಿಗೆ. ಎರಡು ಗುಂಡು ಕನ್ನಡಿಗಳಿದ್ದವು, ಒಂದೊಂದು. ಆ ಹೊತ್ತಿನಲ್ಲಿ ದಮಯಂತಮ್ಮ, "ಹೇಲು ಉಚ್ಚೆ ಬಳಿಯೋಕೆ ನಾನು, ಕನ್ನಡಿ ನೋಡ್ಕೊಳ್ಳೋಕೆ ನೀನು" ಅಂದರಂತೆ. ಸುಲೋಚನಾ ಕನ್ನಡಿ ಎತ್ತಿಕೊಂಡು ಹೋದಳಂತೆ. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಗಾಡಿಯ ಬಲಗಡೆಗೆ ಆ ಕನ್ನಡಿ ಬಿಗಿಸಿಕೊಂಡು ಓಡಾಡುತ್ತಿದ್ದಾರೆ. ದಮಯಂತಮ್ಮನ ಅಂಗಡಿ ಆಚೆ ಪೇಟೆಯಲ್ಲಿ. ಸುಲೋಚನಾ ಆಚೆ ಆಸ್ಪತ್ರೆಯಲ್ಲಿ ನರ್ಸು, ಬೇಕೆಂದೇ ರಾತ್ರಿ ಪಾಳಿ ಹಾಕಿಸಿಕೊಂಡವಳು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಅಕ್ಕ ಹೋಗುವಾಗ ತಂಗಿ ಬರುತ್ತಾಳೆ, ಸೇತುವೆಯ ನಟ್ಟನಡುವೆ ಇಬ್ಬರೂ ಒಬ್ಬರನ್ನೊಬ್ಬರು ದಾಟುತ್ತಾರೆ, ಇಬ್ಬರೂ ನದಿಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಒಬ್ಬರು ಮೂಡಣಕ್ಕೆ, ಒಬ್ಬಳು ಪಡುವಣಕ್ಕೆ.

ಹಳದಿಯನ್ನು ದಮಯಂತಮ್ಮ ಬೆಳಿಗ್ಗೆ ಹೋಗುವಾಗ ಸಾರಿದರು. ಸುಲೋಚನಾ ಸಂಜೆ ಹೋಗುವಾಗ ಸಾರಿದಳು. ಬೋರಲಿಂಗು ಸುಮ್ಮನಿರುವ ಪೈಕಿ ಅಲ್ಲ. "ಅಮ್ಮಾ, ನಿಮ್ಮಕ್ಕಂದೂ ಹಳದಿನೇಯ. ನೀವು ಬೇರೆ ಏನಾದ್ರೂ ನೋಡ್ಕಳಿ" ಅಂದ. "ನಾನ್ಯಾಕ್ರೀ ನೋಡ್ಕೊಳ್ಲಿ? ಅವರಿಗೆ ಹೇಳಿ" ಅಂದಳು. ಮರುದಿನ ಅವರಿಗೆ ಹೇಳಿದ. "ನಾನು ಮೊದಲು ಸಾರಿದ್ದು. ನಾನ್ಯಾಕೆ ಬದಲಾಯಿಸ್ಲಿ?" ಎರಡು ಮಡ್‌ಗಾರ್ಡೂ ಹಳದಿಯಾದವು. ಮಿಕ್ಕದ್ದೆಲ್ಲ ಬೇರೆ ಬೇರೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

ಆದರೆ ಹೆದರಿಕೆ ಹುಟ್ಟಿತು. ಒಂದು ಹೊಂದಿದ ಮೇಲೆ ಇನ್ನೊಂದು ಹೊಂದಬಾರದು ಎಂದು ದಮಯಂತಮ್ಮ ಟ್ಯಾಂಕಿಗೆ ನವಿಲುನೀಲಿ ಬಳಿಸಿದರು. ಅದೇ ವಾರ ಸುಲೋಚನಾ ಕೂಡ ನವಿಲುನೀಲಿ ಬಳಿಸಿದಳು. ಇವರು ಹಾರ್ನು ತೆಗೆಸಿ ಹಿತ್ತಾಳೆ ಗಂಟೆ ಹಾಕಿಸಿದರು. ಸೇತುವೆಯ ನಡುವೆ ಎದುರಿನಿಂದಲೂ ಅದೇ ಗಂಟೆ ಟಿಣ್ ಅಂದಿತು. ಆವತ್ತು ದಮಯಂತಮ್ಮ ಅರ್ಧ ದಾರಿಯಲ್ಲಿ ಗಾಡಿ ತಿರುಗಿಸಿಕೊಂಡು ವಾಪಸು ಬಂದು, ನನ್ನ ವಾಚನಾಲಯದ ಬೆಂಚಿನ ಮೇಲೆ ಕೂತು ನೀರು ಕೇಳಿದರು.

"ಸಾರ್, ನನ್ನ ತಂಗಿ ನನ್ನ ಇಲ್ಲವಾಗಿಸ್ಬೇಕು ಅಂತ ಮಾಡ್ತಿದ್ದಾಳೆ."

"ಹಾಗೆಲ್ಲ ಇರಲಿಕ್ಕಿಲ್ಲ ದಮಯಂತಮ್ಮ."

"ನಿಮಗೇನು ಗೊತ್ತು, ನೀವು ಪುಸ್ತಕ ಓದೋರು. ಬಾಯಿಬಿಟ್ಟು ಸಾರಿದ್ರೆ ಅದನ್ನೇ ಮಾಡಿಸ್ತಾಳೆ. ಇನ್ನು ಸಾರೋದೂ ಇಲ್ಲ, ಗೀರೋದೂ ಇಲ್ಲ."

ಅವರು ಹೋಗಿ ಅರ್ಧ ಗಂಟೆ ಬಿಟ್ಟು, ಆ ಗಂಟೆ ಕೇಳಿ ತಾನೂ ಆಚೆ ದಡಕ್ಕೇ ತಿರುಗಿಹೋಗಿದ್ದ ಸುಲೋಚನಾ ಬಂದಳು. ಅವಳನ್ನು ನಾನು ಲಂಗ ಉಟ್ಟ ಕಾಲದಿಂದ ಬಲ್ಲೆ. ರಾತ್ರಿ ಪಾಳಿ ಮುಗಿಸಿ ಬಂದು ಪೇಪರು ಓದಿ ಹೋಗುವುದು ಅವಳ ರೂಢಿ. ಆವತ್ತು ಪೇಪರನ್ನು ತಲೆಕೆಳಗು ಹಿಡಿದಿದ್ದಳು. "ಸಾರ್, ಅಕ್ಕ ನನ್ನನ್ನ ಇಲ್ಲವಾಗಿಸ್ಬೇಕು ಅಂತಿದ್ದಾಳೆ" ಅಂದಳು. "ನಾನು ಏನು ಅಂದ್ಕೊಂಡ್ರೂ ಮೊದಲೇ ಮಾಡಿಸಿರ್ತಾಳೆ. ಇನ್ನು ನಾನು ಸಾರಲ್ಲ." ನಿಮ್ಮಕ್ಕನೂ ಇದನ್ನೇ ಹೇಳಿದರು ಎಂದು ನಾನು ಬಾಯಿ ತೆಗೆದೆ. "ಅವಳ ಸುದ್ದಿ ಎತ್ತಬೇಡಿ" ಅಂದಳು. ದಮಯಂತಮ್ಮನಿಗೆ ಹೇಳಲು ಹೋದಾಗಲೂ ಅದೇ ಮೂರು ಮಾತು, ಅದೇ ಧಾಟಿ, ಕೈ ಅಡ್ಡ ಬೀಸುವ ರೀತಿಯೂ ಅದೇ. ಒಂದೇ ತಾಯಿಯ ಕೈ.

ಅಂದಿನಿಂದ ಇಬ್ಬರೂ ಗುಟ್ಟಾಗಿ ಗಾಡಿ ಬದಲಾಯಿಸತೊಡಗಿದರು. ಗುಟ್ಟು ಪ್ರತಿದಿನ ಬೆಳಿಗ್ಗೆ ಬೋರಲಿಂಗುವಿನ ಅಂಗಡಿಯ ಮುಂದೆ ಬಯಲಾಗುತ್ತಿತ್ತು. ಎರಡು ಗಾಡಿಗೂ ತುದಿಯಲ್ಲಿ ಕುಚ್ಚಿದ್ದ ಹಿಡಿಕೆ. ಎರಡಕ್ಕೂ ಬೆತ್ತದ ಬುಟ್ಟಿ, ಅದೂ ಎಡಗಡೆಗೆ. ಒಂದರ ಸೀಟಿಗೆ ಇಳಕಲ್ ಸೀರೆಯ ಅಂಚು, ಇನ್ನೊಂದರದಕ್ಕೆ ಬೇರೆ ಬಣ್ಣದ ಅಂಚು, ಅಷ್ಟೇ ವ್ಯತ್ಯಾಸ. ಅದೂ ಹೊಲಿದದ್ದೋ ಬಿಗಿದದ್ದೋ ಎಂಬ ಚರ್ಚೆ ಟೀ ಅಂಗಡಿಯಲ್ಲಿ. ಊರಿನವರು ಆ ಹೊತ್ತಿಗೆ ಸೇತುವೆ ಹತ್ತುವುದನ್ನೇ ಬಿಟ್ಟರು. ಕೋರ್ಟಿಗೆ ಹೊತ್ತಾದರೂ ವೆಂಕೋಬರಾಯರು ಎರಡು ಹಾರ್ನುಗಳ ನಡುವೆ ಕೂತು ಕಾಯುತ್ತಿದ್ದರು. ಗಂಟೆಯ ಸದ್ದು ನಡುವಿಗೆ ಹೋಗುತ್ತಿದ್ದಂತೆ ಟೀ ಕುಡಿಯುವವರು ಲೋಟವನ್ನು ಬಾಯಿಯ ಹತ್ತಿರ ಹಿಡಿದು ನಿಲ್ಲುತ್ತಿದ್ದರು. ಈ ಕಡೆಗೊಂದು ಆ ಕಡೆಗೊಂದು ಸದ್ದು ಬೇರೆಯಾದ ಮೇಲೆ ಎಲ್ಲರೂ ಒಟ್ಟಿಗೆ ಗುಟುಕು ನುಂಗುತ್ತಿದ್ದರು. "ಇವತ್ತೂ ಎರಡೂ ಇಳಿದ್ವು" ಎಂದು ಬೋರಲಿಂಗು ಹೇಳಿದರೆ ಊರಿಗೆ ಬೆಳಗಾಯಿತು ಎಂದು ಲೆಕ್ಕ.

ಹೆದರಿದವರು ಬುದ್ಧಿವಂತರಾಗುತ್ತಾರೆ, ಅದೇ ತೊಂದರೆ. ಈ ಊರಿನಲ್ಲಿ ಎಲ್ಲರೂ ಗಾಡಿಗೆ ಸೇರಿಸುವವರೇ ಹೊರತು ಕಳೆಯುವವರು ಯಾರೂ ಇಲ್ಲ. ಒಂದನ್ನು ತೆಗೆದರೆ ಅದರ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ಅಂದಮೇಲೆ ಯಾರ ಗಾಡಿಗೂ ಹೊಂದದೇ ಇರುವ ಗಾಡಿ ಯಾವುದು? ಏನೂ ಇಲ್ಲದ್ದು. ಬಣ್ಣ ಕೆರೆಸಿ, ಬುಟ್ಟಿ ಕೀಳಿಸಿ, ಗಂಟೆ ಬಿಚ್ಚಿಸಿ, ಅಂಗಡಿಯಿಂದ ಬಂದ ದಿನದ ಹಾಗೆ ಬೂದಿ ಬಣ್ಣಕ್ಕೆ ತಂದರೆ ಮುಗಿಯಿತು, ಅಂಥದ್ದು ಊರಿನಲ್ಲಿ ಇನ್ನೊಂದು ಇರಲು ಸಾಧ್ಯವೇ ಇಲ್ಲ. ದಮಯಂತಮ್ಮ ಹೀಗೆ ಯೋಚಿಸಿದರು. ಭಾನುವಾರ ಅಂಗಡಿಗೆ ರಜ, ತಮ್ಮ ಮೆಕ್ಯಾನಿಕ್ಕಿನ ಮುಂದೆ ಕೂತು ಇಡೀ ದಿನ ಕೆರೆಸಿದರು. ತಾಯಿಯ ಕನ್ನಡಿಯನ್ನು ಮಾತ್ರ ಬಿಟ್ಟುಕೊಂಡರು. ಕಳೆಯುವುದನ್ನು ಸಾರಬೇಕೆಂಬ ಪದ್ಧತಿ ಇರಲೂ ಇಲ್ಲ.

ಸೋಮವಾರ ಬೆಳಿಗ್ಗೆ ನದಿಯ ಮೇಲೆ ಮಂಜು ಕಟ್ಟಿತ್ತು. ದಮಯಂತಮ್ಮ ಟೀ ಅಂಗಡಿಗೆ ಹೋಗದೆ ನೇರ ನನ್ನ ಬಾಗಿಲ ಮುಂದೆ ನಿಲ್ಲಿಸಿದರು. ಆ ಗಾಡಿಯನ್ನು ನಾನು ಎರಡೆರಡು ಸಲ ನೋಡಿದೆ. ನಮ್ಮ ಕಣ್ಣಿಗೆ ಅಭ್ಯಾಸವಿಲ್ಲ. ಗುರುತಿನವರು ಹಲ್ಲು ಸೆಟ್ಟು ತೆಗೆದಿಟ್ಟು ಎದುರಿಗೆ ಬಂದಂತೆ ಕಾಣುತ್ತಿತ್ತು.

"ಹೇಗಿದೆ ಸಾರ್?" ಬಹಳ ದಿನದ ಮೇಲೆ ಅವರ ಮುಖದಲ್ಲಿ ನಗು. "ಎಲ್ಲಾ ಕೀಳಿಸಿಬಿಟ್ಟೆ. ಬೋಳು ಗಾಡಿ ಈ ಊರಲ್ಲಿ ಒಂದೂ ಇಲ್ಲ. ಇದನ್ನ ಹೇಗೆ ನಕಲು ಮಾಡ್ತಾಳೆ ನೋಡ್ತೀನಿ."

"ಚಳಿಯಾಗಲ್ವೇ ಅದಕ್ಕೆ?" ಅಂದೆ.

"ನಿಮ್ಮದೊಂದು" ಎಂದು ನಕ್ಕು, ಗೇರು ಹಾಕಿ ಹೊರಟರು. ಹಿಂದಿನ ಕೆಂಪು ದೀಪ ಮಂಜಿನೊಳಗೆ ಹೋಯಿತು. ಅಷ್ಟು ಹೊತ್ತಿಗೆ ಬೋರಲಿಂಗು ಒಳಗಿನಿಂದ ಹಾಲಿನ ಪಾತ್ರೆ ಹಿಡಿದು ಹೊರಬಂದ.

"ಯಾರು ಹತ್ತಿದ್ದು ಸಾರ್?"

"ದಮಯಂತಮ್ಮ. ಗಾಡಿಯನ್ನ ಪೂರ್ತಿ ಬೋಳು ಮಾಡಿಸಿದ್ದಾರೆ ಮಾರಾಯ, ಕನ್ನಡಿ ಒಂದು ಬಿಟ್ಟು."

ಬೋರಲಿಂಗು ಪಾತ್ರೆಯನ್ನು ಕೆಳಗಿಡಲಿಲ್ಲ, ಅದಾಗಿಯೇ ಬಿತ್ತು. "ನೆನ್ನೆ ಸಂಜೆ ಸುಲೋಚನಮ್ಮ ಹಂಗೇ ಹೋದ್ರು ಸಾರ್. ಬೋಳು. ಕನ್ನಡಿ ಒಂದು ಬಿಟ್ಟು. ಅಕ್ಕನಿಗೆ ಬೆಳಿಗ್ಗೆ ಟೀ ಕೊಡೋವಾಗ ಹೇಳಾನ ಅಂತಿದ್ದೆ."

ದಮಯಂತಮ್ಮ ಆವತ್ತು ಟೀ ಕುಡಿದಿರಲಿಲ್ಲ. ನಾವಿಬ್ಬರೂ ಓಡಿದೆವು. ನನ್ನ ವಯಸ್ಸಿನವರು ಓಡಿದರೆ ಅದನ್ನು ಓಟ ಅನ್ನಬಾರದು, ಆದರೂ ಓಡಿದೆ. ಮುಂದೆ ಎಲ್ಲೋ ಒಂದು ಮೋಟಾರು ಕೇಳುತ್ತಿತ್ತು, ಆಮೇಲೆ ಎರಡು ಕೇಳಿದವು. ಗಂಟೆಯಿಲ್ಲ, ಹಾರ್ನಿಲ್ಲ, ಯಾವುದು ಯಾವುದೆಂದು ಬೇರೆ ಮಾಡಿ ಹೇಳುವಂತಿರಲಿಲ್ಲ. ಆಮೇಲೆ ಬ್ರೇಕಿನ ಕಿರುಚು. ನಾನು ಕಂಬಿ ಹಿಡಿದು ನಿಂತುಬಿಟ್ಟೆ. ಬೋರಲಿಂಗು ನನ್ನ ಅಂಗಿ ಹಿಡಿದು ಎಳೆದ.

ಸೇತುವೆಯ ನಡುವೆ ಎರಡು ದೀಪ ಎದುರುಬದುರಾಗಿ ಉರಿಯುತ್ತಿದ್ದವು. ಮುಂದಿನ ಚಕ್ರಗಳ ನಡುವೆ ಒಂದು ಮೊಳ ಜಾಗವಿರಬಹುದು. ಇಬ್ಬರೂ ಗಾಡಿಯ ಮೇಲೇ ಕೂತು ಎರಡೂ ಕಾಲು ನೆಲಕ್ಕೆ ಒತ್ತಿಕೊಂಡಿದ್ದರು. ಇಬ್ಬರ ಮುಖವೂ ಗಾಡಿಯ ಬಣ್ಣಕ್ಕೇ ಬಂದಿತ್ತು.

"ಯಾರು ಹೇಳಿದ್ರು ನಿಂಗೆ?" ಎಂದರು ದಮಯಂತಮ್ಮ. ತಂಗಿಯ ಜೊತೆ ಅಷ್ಟು ಕಾಲದ ಮೇಲೆ ಆಡಿದ ಮೊದಲ ಮಾತು.

"ಯಾರು ಹೇಳ್ಬೇಕು? ನಂಗೇ ಹೊಳೀತು. ಊರಲ್ಲಿ ಬೋಳು ಗಾಡಿ ಇಲ್ವಲ್ಲ ಅಂತ."

"ನಂಗೂ ಹಂಗೇ ಹೊಳೀತು ಕಣೇ."

"ನವಿಲುನೀಲಿ?"

"ನಂಗಿಷ್ಟ ಅಂತ ಬಳಿಸ್ದೆ."

"ನಂಗೂ ಇಷ್ಟ" ಅಂದಳು ಸುಲೋಚನಾ. "ನೀನು ನೋಡ್ಕೊಂಡು ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

"ನಾನು ನಿನ್ನ ಕಡೆ ತಿರುಗಿ ಎಲ್ಲೇ ನೋಡ್ತಿದ್ದೆ?"

ಅದು ನಿಜ. ಇಬ್ಬರೂ ನದಿ ನೋಡುತ್ತಿದ್ದರು. ಯಾರೂ ಯಾರನ್ನೂ ನಕಲು ಮಾಡಿರಲಿಲ್ಲ. ಇದು ತಿಳಿದದ್ದರಿಂದ ಮನಸ್ಸಿಗೆ ಎಷ್ಟು ಹಗುರವಾಯಿತೋ, ಸೇತುವೆಗೆ ಅದರಿಂದ ಏನೂ ಆಗಲಿಲ್ಲ. ಕೆಳಗೆ ನೀರು ಹರಿಯುತ್ತಲೇ ಇತ್ತು. ಎರಡು ಮೋಟಾರುಗಳೂ ಒಂದೇ ಲಯದಲ್ಲಿ ಗುಡುಗುಡು ಅನ್ನುತ್ತಿದ್ದವು.

"ಕನ್ನಡಿ ಬಿಚ್ಚಿ ಅಮ್ಮಾ, ಒಬ್ಬರದ್ದು ಬಿಚ್ಚಿಬಿಡಿ, ಬೇರೆ ಆಯ್ತದೆ!" ಎಂದ ಬೋರಲಿಂಗು.

"ಹತ್ತುವಾಗ ನೋಡುತ್ತೋ ಇಳಿಯುವಾಗ ನೋಡುತ್ತೋ?" ಎಂದಳು ಸುಲೋಚನಾ, ನನ್ನನ್ನು ನೋಡಿ. ವಾಚನಾಲಯದಲ್ಲಿ ಇದಕ್ಕೊಂದು ಪುಸ್ತಕ ಇರಬೇಕು ಎಂಬಂತೆ ಕೇಳಿದಳು. ಹತ್ತುವಾಗ ನೋಡಿದ್ದರೆ ಈಗ ಬಿಚ್ಚಿ ಉಪಯೋಗವಿಲ್ಲ. ನನಗೆ ಗೊತ್ತಿಲ್ಲ ಅಂದೆ. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾದವರು ಹೇಳಲು ಬಂದಿರಲಿಲ್ಲ.

"ನೀನು ಹೋಗು" ಎಂದರು ದಮಯಂತಮ್ಮ. "ಮೊದಲು ಇಳಿದೋರು ಬದುಕಿದ್ರು. ಹೋಗು, ನಾನು ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರೆ? ಎಷ್ಟು ದಿನ? ಬೋರಲಿಂಗು ಬಂದು ಉಪ್ಪಿಟ್ಟು ಕೊಡ್ತಾನಾ?"

"ಹೇಳಿದ್ದು ಕೇಳು. ನಾನು ದೊಡ್ಡೋಳು."

"ಯಾವಾಗ್ಲೂ ಇದೇ ಆಯ್ತು ನಿಂದು. ಅಮ್ಮನ್ನ ನೋಡ್ಕೊಳ್ಳೋಕೂ ನೀನೇ, ಕಾಣೆಯಾಗೋಕೂ ನೀನೇ! ನಂಗೆ ಅಂತ ಏನು ಬಿಡ್ತೀಯ ನೀನು?"

ಇಂಥ ಜಾಗದಲ್ಲಿ ಇಂಥ ಜಗಳ ಕೇಳುತ್ತ ನಿಂತ ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಕಾಲ ಕೆಳಗೆ ಸೇತುವೆಯ ಹಲಗೆ ಸಣ್ಣಗೆ ಅದುರುತ್ತಿತ್ತು. ಮೋಟಾರುಗಳಿಂದ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಸುಲೋಚನಾ ಸೀಟಿನ ಮೇಲೆ ಮುಂದಕ್ಕೆ ಸರಿದಳು. ಆಮೇಲೆ, "ಒಂದೇ ಗಾಡಿ ಇಳಿಯುತ್ತೆ ಅಂತ ತಾನೇ? ಗಾಡಿ ಮೇಲೆ ಎಷ್ಟು ಜನ ಅಂತ ಯಾರೂ ಹೇಳಿಲ್ಲ. ಹತ್ತು ಹಿಂದೆ" ಅಂದಳು.

"ಕಾಳಿಂಗಪ್ಪನೋರು..." ಎಂದ ಬೋರಲಿಂಗು.

"ಅವರು ನಡೆದ್ರು. ಅಕ್ಕ ನಡೆಯಲ್ಲ. ಹತ್ತೇ!"

ದಮಯಂತಮ್ಮ ಮೋಟಾರು ನಿಲ್ಲಿಸಿ, ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು, ಸ್ಟ್ಯಾಂಡು ಹಾಕಿದರು. ಗಾಡಿಯಿಂದ ಗಾಡಿಗೆ ಎರಡು ಹೆಜ್ಜೆಯಷ್ಟು ದಾರಿ. ಆ ಎರಡು ಹೆಜ್ಜೆಯೂ ಬೋರಲಿಂಗು ಅವರ ಒಂದು ಕೈ ಹಿಡಿದಿದ್ದ, ನಾನು ಇನ್ನೊಂದು ಕೈ ಹಿಡಿದಿದ್ದೆ. ಹಿಡಿದ ಕೈ ಹಿಡಿದ ಹಾಗೇ ಖಾಲಿಯಾದರೆ ಏನು ಮಾಡುವುದು ಎಂಬುದೊಂದೇ ಯೋಚನೆ ನನಗೆ. ಹಿಂದಿನ ಸೀಟನ್ನೂ ಕೀಳಿಸಿಬಿಟ್ಟಿದ್ದರಿಂದ ಅವರು ಬರೀ ಮಡ್‌ಗಾರ್ಡಿನ ಮೇಲೆ ಕೂತು, ತಂಗಿಯ ಸೊಂಟ ಬಳಸಿಕೊಂಡರು. ಗಾಡಿ ಕುಸಿದು ನರಳಿತು.

"ಮಾತಾಡ್ತಿರಬೇಕು ಅಕ್ಕಾ, ನಿಲ್ಲಿಸ್ಬಾರದು" ಅಂದಳು ಸುಲೋಚನಾ. "ನಾನು ಹಿಂದಕ್ಕೆ ತಿರುಗಲ್ಲ. ತಿರುಗೋಕೆ ಧೈರ್ಯ ಇಲ್ಲ."

"ಏನು ಮಾತಾಡ್ಲಿ?"

"ಬೈಯಿ."

ಗಾಡಿ ನಮ್ಮ ದಡದ ಕಡೆಗೆ ಹೊರಟಿತು, ನಡೆಯುವವರಿಗಿಂತ ಸ್ವಲ್ಪವೇ ಜೋರಾಗಿ. ನಾವು ಹಿಂದೆ ಓಡಿದೆವು. ಮಂಜಿನಲ್ಲಿ ದಮಯಂತಮ್ಮನ ಬೆನ್ನು ಕಾಣುತ್ತಿತ್ತು, ಕಾಣುತ್ತಿರಲಿಲ್ಲ. ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಮ್ಮ ಹಾಸಿಗೆ ಹಿಡಿದಾಗ ವಾರಕ್ಕೊಂದ್ಸಲ ಬರ್ತಿದ್ದೆ ನೀನು, ನೆಂಟರ ಹಾಗೆ. ಮೂಸಂಬಿ ತಗೊಂಡು. ಅಮ್ಮನಿಗೆ ಮೂಸಂಬಿ ಆಗ್ತಿರಲಿಲ್ಲ, ಗೊತ್ತಾ ನಿಂಗೆ?"

"ಗೊತ್ತಿರಲಿಲ್ಲ."

"ನರ್ಸು ಬೇರೆ! ಊರೋರ ತಾಯಂದಿರನ್ನೆಲ್ಲ ನೋಡ್ಕೊಂಡೆ."

"ಪಕ್ಕದ ಮನೆಯೋರಿಗೆ ಸೂಜಿ ಚುಚ್ಚಬಹುದು ಅಕ್ಕಾ, ಅಮ್ಮನಿಗೆ ಚುಚ್ಚೋಕೆ ಕೈ ಬರ್ತಿರಲಿಲ್ಲ. ಅದಕ್ಕೇ ಹೆಚ್ಚು ಬರ್ತಿರಲಿಲ್ಲ."

"ಹೇಳ್ಬೇಕಿತ್ತು."

"ನೀನು ಕೇಳೋ ಹಾಗಿದ್ಯಾ? ಬಾಗಿಲಲ್ಲೇ ಕೋಲು ಹಿಡ್ಕೊಂಡು ನಿಂತಿರ್ತಿದ್ದೆ."

"ಸುಳ್ಳು ಹೇಳ್ಬೇಡ, ಪೊರಕೆ ಅದು."

ಬೋರಲಿಂಗು ಓಡುತ್ತಲೇ ಕಣ್ಣು ಒರೆಸಿಕೊಂಡ. ಮುಂದೆ ಟೀ ಅಂಗಡಿಯ ಲಾಟೀನು ಮಂಜಿನಲ್ಲಿ ಹಳದಿ ಚುಕ್ಕೆಯಾಗಿ ಕಂಡಿತು. ಅಲ್ಲಿ ಆಗಲೇ ಜನ ಕೂಡಿದ್ದರು.

ಅಲ್ಲಿಗೆ ಇನ್ನು ಸ್ವಲ್ಪವೇ ದೂರವಿರುವಾಗ ಹಿಂದಿನ ಧ್ವನಿ ನಿಂತಿತು.

"ಅಕ್ಕಾ?" ಎಂದಳು ಸುಲೋಚನಾ.

ಉತ್ತರವಿಲ್ಲ.

"ಅಕ್ಕಾ, ಬೈಯಿ. ಅಕ್ಕಾ!"

ಗಾಡಿ ಓಲಾಡಿತು. ಮಂಜು ಒಂದು ಪದರ ದಟ್ಟವಾಗಿ ನನಗೆ ಅವರ ಬೆನ್ನು ಕಾಣಿಸಲಿಲ್ಲ, ಕೆಂಪು ದೀಪ ಮಾತ್ರ ಕಂಡಿತು. ಸುಲೋಚನಾ ಅಕ್ಕಾ ಅಕ್ಕಾ ಎಂದು ಕೂಗುತ್ತಲೇ, ಹಿಂದಕ್ಕೆ ತಿರುಗದೆ, ಆಕ್ಸಿಲರೇಟರು ಪೂರ್ತಿ ತಿರುವಿದಳು. ಗಾಡಿ ಸೇತುವೆಯ ಬಾಯಿಯಿಂದ ಹಾರಿಕೊಂಡಂತೆ ಕೆಳಗಿಳಿದು, ಬೋರಲಿಂಗುವಿನ ಬೆಂಚಿಗೆ ಬಡಿದು ಅಡ್ಡ ಬಿತ್ತು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಜನ ಸುತ್ತ ನಿಂತಿದ್ದರು. ವೆಂಕೋಬರಾಯರನ್ನು ಪಕ್ಕಕ್ಕೆ ತಳ್ಳಿ ನೋಡಿದೆ. ಸುಲೋಚನಾ ನೆಲದ ಮೇಲೆ ಬಿದ್ದಿದ್ದಳು. ಅವಳ ಸೊಂಟವನ್ನು ಬಳಸಿಕೊಂಡೇ ದಮಯಂತಮ್ಮನೂ ಬಿದ್ದಿದ್ದರು, ಕಣ್ಣು ಅಗಲವಾಗಿ ತೆರೆದು, ಸೇತುವೆಯ ಕಡೆ ನೋಡುತ್ತ.

"ಯಾಕೇ ಸುಮ್ಮನಾದೆ? ಯಾಕೆ ಸುಮ್ಮನಾದೆ?" ಎಂದು ಸುಲೋಚನಾ ಅವರ ಭುಜ ಹಿಡಿದು ಅಲುಗಿಸುತ್ತ ಹೊಡೆಯುತ್ತಿದ್ದಳು.

ದಮಯಂತಮ್ಮ ಮುಷ್ಟಿ ಬಿಚ್ಚಿದರು. ಕೀಲಿ ಅಂಗೈಗೆ ಒತ್ತಿ ಗುರುತು ಬಿದ್ದಿತ್ತು.

"ಮೋಟಾರು ನಿಲ್ಲಿಸಿ ಬಂದಿದ್ದೆ" ಎಂದರು. "ಕೇಳಿ."

ಎಲ್ಲರೂ ಕೇಳಿದೆವು. ಮಂಜಿನೊಳಗೆ, ಸೇತುವೆಯ ನಡುವೆ, ಒಂದು ಮೋಟಾರು ಓಡುತ್ತಿತ್ತು. ಸ್ವಲ್ಪ ಹೊತ್ತು ನಿಂತಲ್ಲೇ ಗುಡುಗುಟ್ಟಿತು. ಆಮೇಲೆ ಗೇರು ಬಿದ್ದ ಸದ್ದಾಯಿತು. ಅದು ಆಚೆ ದಡದ ಕಡೆಗೆ ನಿಧಾನವಾಗಿ ಹೊರಟು, ದೂರವಾಗುತ್ತ, ಕೇಳದಾಯಿತು.

ಮಂಜು ಹರಿದ ಮೇಲೆ ಸೇತುವೆಯ ಮೇಲೆ ಏನೂ ಇರಲಿಲ್ಲ. ಆಚೆ ದಡದಲ್ಲಿ ವಿಚಾರಿಸಿದೆವು. ಆ ಹೊತ್ತಿನಲ್ಲಿ ಯಾವ ಗಾಡಿಯೂ ಇಳಿದಿರಲಿಲ್ಲ. ಸುಲೋಚನಾ ಅದೇ ವಾರ ಹಗಲು ಪಾಳಿಗೆ ಬದಲಾಯಿಸಿಕೊಂಡಳು. ದಮಯಂತಮ್ಮ ಹೊಲಿಗೆ ಅಂಗಡಿಯನ್ನು ಈಚೆ ದಡಕ್ಕೆ ತಂದುಕೊಂಡರು, ಮತ್ತೆ ಸೇತುವೆ ಹತ್ತಲಿಲ್ಲ.